ಹಾಳೆ, ಗೆರಟೆ, ಅಕ್ಕಿಹಿಟ್ಟು: ಪುಟ್ಟ ಮಕ್ಕಳ ಇಂದ್ರಿಯಾನುಭವದ ಆಟಗಳಿಗೆ ಸಮಗ್ರ ಮಾರ್ಗದರ್ಶಿ

ಮುಟ್ಟಿ, ಮೂಸಿ, ಹಿಸುಕಿ, ಸುರಿದು, ಬಡಿದು ನೋಡುವ ಆಟಗಳು ಈಗ ‘ಸೆನ್ಸರಿ ಪ್ಲೇ’ ಎಂಬ ಹೆಸರಿನಲ್ಲಿ ಚಂದದ ಪೆಟ್ಟಿಗೆಗಳಲ್ಲಿ ಮಾರಾಟಕ್ಕೆ ಬಂದಿವೆ. ಬಣ್ಣದ ಮರಳು, ಸಣ್ಣ ಸೌಟು, ಪ್ಲಾಸ್ಟಿಕ್ ತಟ್ಟೆಗಳನ್ನು ತುಂಬಿದ ಅಂಥ ಪೆಟ್ಟಿಗೆಯನ್ನು ಕೊಳ್ಳುವ ಅಗತ್ಯ ನಮ್ಮ ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ಮುಳ್ಳೇರಿಯದವರೆಗಿನ ಯಾವ ಮನೆಗೂ ಇಲ್ಲ. ಅಡಿಕೆ ಹಾಳೆ, ತೆಂಗಿನ ಗೆರಟೆ, ಬೆಳ್ತಿಗೆ ಅಕ್ಕಿ (ಬಿಳಿ ಅಕ್ಕಿ), ಕೆಸುವಿನ ಎಲೆ, ಸೇಮಿಗೆ ಒತ್ತುವ ಮಣೆ ಇವೆಲ್ಲ ನಮ್ಮ ಅಡುಗೆಮನೆಯಲ್ಲಿಯೂ ಅಂಗಳದಲ್ಲಿಯೂ ಆಗಲೇ ಇವೆ. ಆರು ತಿಂಗಳಿನಿಂದ ಐದು ವರ್ಷದವರೆಗಿನ ಮಕ್ಕಳಿಗೆ ಅವುಗಳನ್ನು ಯಾವ ವಯಸ್ಸಿನಲ್ಲಿ, ಯಾವ ಕ್ರಮದಲ್ಲಿ, ಎಷ್ಟು ಎಚ್ಚರಿಕೆಯಿಂದ ಕೊಡಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ. ಒಂದು ಆಟಕ್ಕೆ ಒಂದೇ ವಸ್ತು, ಒಂದೇ ಪಾತ್ರೆ ಮತ್ತು ಮಗುವಿಗೆ ಸಾಕೆನಿಸುವಷ್ಟು ಸಮಯ ಇರಬೇಕೆಂಬುದು ನನ್ನ ಅಭಿಪ್ರಾಯ. ಹತ್ತು ಬಗೆಯ ಸಾಮಾನುಗಳನ್ನು ಒಟ್ಟಿಗೆ ಮುಂದೆ ಹರಡಿದರೆ ಮಗು ಎಲ್ಲವನ್ನೂ ಎಳೆದು ಚೆಲ್ಲಿ, ಯಾವುದನ್ನೂ ನೋಡದೆ ಎದ್ದುಹೋಗುತ್ತದೆ.

ಪಂಚೇಂದ್ರಿಯಗಳೆಂದು ನಾವು ಎಣಿಸುವ ಕಣ್ಣು, ಕಿವಿ, ಮೂಗು, ನಾಲಿಗೆ, ಚರ್ಮಗಳ ಜತೆಗೆ ಇನ್ನೆರಡು ಬಗೆಯ ಅರಿವುಗಳು ಮಗುವಿನ ಬೆಳವಣಿಗೆಯಲ್ಲಿ ಮುಖ್ಯವಾಗಿವೆ. ಒಂದು, ಒಳಕಿವಿಯಿಂದ ಬರುವ ಸಮತೋಲನದ ಅರಿವು; ಇನ್ನೊಂದು, ಕೈಕಾಲು ಎಲ್ಲಿದೆ, ಎಷ್ಟು ಬಲ ಹಾಕಬೇಕು ಎಂಬುದನ್ನು ಸ್ನಾಯು ಮತ್ತು ಕೀಲುಗಳಿಂದ ತಿಳಿಯುವ ಅರಿವು. ತುಂಬಿದ ಚೆಂಬನ್ನು ಚೆಲ್ಲದೆ ಎತ್ತುವುದಕ್ಕೂ ಮುಂದೆ ಪೆನ್ಸಿಲನ್ನು ಕಾಗದ ಹರಿಯದಷ್ಟೇ ಒತ್ತಿ ಹಿಡಿಯುವುದಕ್ಕೂ ಈ ಎರಡನೆಯ ಅರಿವು ಬೇಕು. ಇಟಲಿಯ ವೈದ್ಯೆ ಮರಿಯಾ ಮಾಂಟೆಸ್ಸೊರಿ 1907ರಲ್ಲಿ ರೋಮ್ ನಗರದಲ್ಲಿ ತನ್ನ ಮೊದಲ ‘ಮಕ್ಕಳ ಮನೆ’ಯನ್ನು ತೆರೆದು, ಒರಟು ಮತ್ತು ನುಣುಪು ಹಲಗೆಗಳು, ಬೇರೆ ಬೇರೆ ಸದ್ದಿನ ಡಬ್ಬಿಗಳು ಮುಂತಾದ ಸಾಧನಗಳ ಮೂಲಕ ಇಂದ್ರಿಯ ಶಿಕ್ಷಣಕ್ಕೆ ಒಂದು ಕ್ರಮವನ್ನು ಕೊಟ್ಟರು. ಅವರು 1939ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂದು ಭಾರತೀಯ ಶಿಕ್ಷಕರಿಗೆ ತರಬೇತಿ ನೀಡಿದರು. ಆಗ ಕಾಸರಗೋಡೂ ಅದೇ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು.

ಮೊದಲು ಅಪಾಯಗಳ ವಿಚಾರ

ಮೂರು ವರ್ಷ ತುಂಬುವವರೆಗೆ ಮಗುವಿನ ಕೈಗೆ ಸಿಕ್ಕಿದ್ದು ಬಾಯಿಗೂ ಹೋಗುತ್ತದೆ ಎಂದೇ ತಿಳಿದು ಸಿದ್ಧತೆ ನಡೆಸಬೇಕು. ಸುಮಾರು 3 ಸೆಂ.ಮೀ.ಗಿಂತ ಸಣ್ಣದಾದ ಗಟ್ಟಿ ವಸ್ತುಗಳನ್ನು, ಎಂದರೆ ಸುಲಿದ ಅಡಿಕೆ, ಕಡಲೆ, ನೆಲಗಡಲೆ, ಹುಣಸೆ ಬೀಜ, ಗುಂಡಿ, ನಾಣ್ಯ ಇತ್ಯಾದಿಗಳನ್ನು ಈ ವಯಸ್ಸಿನವರ ಆಟಕ್ಕೆ ಕೊಡಬಾರದು. ಅಕ್ಕಿಯೊಂದು ಮಾತ್ರ ಇದಕ್ಕೆ ಹೊರತು; ಅದನ್ನು ಎರಡು ವರ್ಷ ದಾಟಿದ ಮೇಲೆ, ಹಿರಿಯರು ಪಕ್ಕದಲ್ಲಿರುವಾಗ ಕೊಡಬಹುದು. ಕಾಳುಗಳನ್ನು ಮೂಗು, ಕಿವಿಗಳೊಳಗೆ ತುರುಕಿಕೊಳ್ಳುವುದೂ ಸಾಮಾನ್ಯ. ಒದ್ದೆಯಾದ ಕಾಳು ಉಬ್ಬುವುದರಿಂದ ನೀರು ಹೊಯ್ದು ತೆಗೆಯಲು ಹೋಗಬಾರದು, ಪಿನ್ನು ಕಡ್ಡಿ ಹಾಕಿ ಕೆದಕಲೂ ಬಾರದು. ನೇರವಾಗಿ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ನಮ್ಮ ಊರಿನ ಗುಡ್ಡ, ತೋಟ, ಬೇಲಿಗಳಲ್ಲಿರುವ ಕೆಲವು ಬೀಜಗಳ ಬಗ್ಗೆ ವಿಶೇಷ ಎಚ್ಚರ ಬೇಕು. ಚೆನ್ನೆಮಣೆಗೆ ಬಳಸುವ ಪೂರ್ತಿ ಕೆಂಪಾದ ಮಂಜೊಟ್ಟಿಯನ್ನೂ ತುದಿಯಲ್ಲಿ ಕಪ್ಪು ಮಚ್ಚೆಯಿರುವ ಗುಲಗಂಜಿಯನ್ನೂ ಒಂದೇ ಎಂದು ತಿಳಿದವರಿದ್ದಾರೆ. ಗುಲಗಂಜಿಯೊಳಗೆ ಅಬ್ರಿನ್ ಎಂಬ ತೀವ್ರ ವಿಷವಿದ್ದು, ಬೀಜವನ್ನು ಅಗಿದರೆ ಅಥವಾ ಒಡೆದು ನುಂಗಿದರೆ ಪ್ರಾಣಕ್ಕೇ ಅಪಾಯವಾಗಬಹುದು. ಅದು ಯಾವ ವಯಸ್ಸಿನ ಮಗುವಿನ ಆಟದ ಸಾಮಾನಿನಲ್ಲಿಯೂ ಇರಕೂಡದು. ಹರಳು ಮತ್ತು ಬೇಲಿಯ ಕಾಡುಹರಳಿನ ಬೀಜಗಳಿಗೂ ಇದೇ ನಿಯಮ. ಬೇಸಿಗೆಯಲ್ಲಿ ಹೆಕ್ಕಿ ತಂದಿಟ್ಟ ಹಸಿ ಗೇರುಬೀಜದ ಸಿಪ್ಪೆಯಲ್ಲಿರುವ ಎಣ್ಣೆ ತಾಗಿದರೆ ಚರ್ಮ ಸುಟ್ಟು ಬೊಕ್ಕೆ ಏಳುತ್ತದೆಯಾದ್ದರಿಂದ ಆ ರಾಶಿ ಮಗುವಿನ ಕೈಗೆ ಸಿಗದಂತಿರಬೇಕು.

ಪೇಟೆಯಿಂದ ಬರುವ ವಸ್ತುಗಳಲ್ಲಿ ಎರಡನ್ನು ನಾನು ಪೂರ್ತಿ ಬೇಡವೆನ್ನುತ್ತೇನೆ. ನೀರಿಗೆ ಹಾಕಿದರೆ ಉಬ್ಬುವ ಬಣ್ಣದ ಜೆಲ್ ಮಣಿಗಳು ನುಂಗಿದಾಗ ಹೊಟ್ಟೆಯೊಳಗೂ ಉಬ್ಬಿ ಕರುಳಿನ ದಾರಿಯನ್ನು ಕಟ್ಟಿಬಿಡಬಲ್ಲವು. ಮಿನುಗುವ ಆಟಿಕೆಗಳಲ್ಲಿರುವ ಬಟನ್ ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಗಳೊಳಗೇ ಗಂಭೀರವಾಗಿ ಸುಡಬಲ್ಲದು. ನುಂಗಿದ ಅನುಮಾನವಿದ್ದರೂ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಸ್ಥಳ ಮತ್ತು ಪಾತ್ರೆ

ಆಟದ ತಟ್ಟೆಯಾಗಿ ಅಡಿಕೆ ಹಾಳೆಗಿಂತ ಒಳ್ಳೆಯದು ಇನ್ನೊಂದಿಲ್ಲ. ಎಳೆಗೂಸನ್ನು ಎಣ್ಣೆ ಹಚ್ಚಿ ಹಾಳೆಯಲ್ಲಿ ಮಲಗಿಸಿ ಮೀಯಿಸುತ್ತಿದ್ದ ಕಡೆಯವರು ನಾವು, ಅದರ ನಯ ನಮಗೆ ಹೊಸತಲ್ಲ. ಅಗಲವಾದ ಹಾಳೆಯನ್ನು ಕತ್ತರಿಸಿ, ಎರಡೂ ಮುಖಗಳನ್ನು ಚೆನ್ನಾಗಿ ಉಜ್ಜಿ ತೊಳೆದು, ಒಂದಷ್ಟು ಹೊತ್ತು ನೀರಿನಲ್ಲಿ ನೆನೆಸಿದರೆ ಮೆತ್ತಗಾಗುತ್ತದೆ. ಆಗ ಎರಡು ತುದಿಗಳನ್ನು ಮಡಚಿ ಬಾಳೆಯ ನಾರಿನಿಂದ ಬಿಗಿದು ಬಿಸಿಲಿಗಿಟ್ಟರೆ ಅಂಚು ಎದ್ದು ನಿಂತ ಪಾತ್ರೆ ಸಿದ್ಧವಾಗುತ್ತದೆ. ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಟ್ಟ ಬಳಿಕ ಬಿದ್ದ ಹಾಳೆಗಳನ್ನು ಮಾತ್ರ ಬಳಸಬಾರದು, ಏಕೆಂದರೆ ಬೋರ್ಡೋ ದ್ರಾವಣದ ಮೈಲುತುತ್ತು ಅವುಗಳ ಮೇಲೆ ಅಂಟಿಕೊಂಡಿರುತ್ತದೆ. ಬೇಸಿಗೆಯಲ್ಲಿ ಬಿದ್ದವುಗಳನ್ನೇ ಆರಿಸಿ ಒಣಗಿಸಿಟ್ಟುಕೊಳ್ಳುವುದು ಉತ್ತಮ.

ಜಗಲಿಯ ಒಂದು ಮೂಲೆಯಲ್ಲಿ ಹಳೆಯ ಚಾಪೆಯನ್ನೋ ಬೆಡ್‌ಶೀಟನ್ನೋ ಹಾಸಿ, ಮಗುವಿಗೆ ಕಲೆಯಾದರೂ ಚಿಂತೆಯಿಲ್ಲದ ಬಟ್ಟೆ ತೊಡಿಸಿ, ಹೊಟ್ಟೆ ತುಂಬಿದ್ದು ನಿದ್ದೆ ಬಾರದ ಹೊತ್ತನ್ನು ಆರಿಸಿಕೊಳ್ಳಬೇಕು. ಅಂಗಳದಲ್ಲಾದರೆ ತೆಂಗಿನ ಮರದ ಅಡಿಯನ್ನು ಬಿಟ್ಟು ಕೂರಬೇಕೆಂದು ನಮ್ಮವರಿಗೆ ಹೇಳಬೇಕಾಗಿಲ್ಲ.

ಆರು ತಿಂಗಳಿನಿಂದ ಒಂದು ವರ್ಷ: ರಾಗಿ ಮಣ್ಣಿ

ಆರು ತಿಂಗಳು ತುಂಬಿ, ಆಧಾರ ಕೊಟ್ಟರೆ ಕೂರಬಲ್ಲ ಮಗುವಿಗೆ ತಿನ್ನಬಹುದಾದ ವಸ್ತುವೇ ಆಟದ ವಸ್ತುವಾಗಬೇಕು. ರಾಗಿಯನ್ನು ನೆನೆಸಿ, ಅರೆದು, ಸೋಸಿ, ಹಾಲು ತೆಗೆದು ಕಾಯಿಸುವ ಮಣ್ಣಿ ಇದಕ್ಕೆ ತಕ್ಕದ್ದು. ಆಟಕ್ಕೆಂದು ತೆಗೆದಿಡುವ ಪಾಲಿಗೆ ಬೆಲ್ಲ, ಉಪ್ಪು ಹಾಕುವ ಅಗತ್ಯವಿಲ್ಲ. ಜೇನನ್ನಂತೂ ಒಂದು ವರ್ಷ ತುಂಬುವವರೆಗೆ ನಾಲಿಗೆಗೂ ತಾಗಿಸಬಾರದು. ಅದರಲ್ಲಿರಬಹುದಾದ ಬೊಟುಲಿನಮ್ ಬ್ಯಾಕ್ಟೀರಿಯಾದ ಬೀಜಕಣಗಳು ಶಿಶುವಿನ ಕರುಳಿನಲ್ಲಿ ಬೆಳೆದು ವಿಷ ಉಂಟುಮಾಡುತ್ತವೆ.

ಮಣ್ಣಿ ಪೂರ್ತಿ ತಣಿದ ಮೇಲೆ ನಾಲ್ಕು ಚಮಚದಷ್ಟನ್ನು ಸ್ಟೀಲ್ ತಟ್ಟೆಯಲ್ಲಿ ಹರಡಿ ಮಗುವಿನ ಮುಂದಿಡಬೇಕು. ನಾವೇ ಅದರ ಕೈಯನ್ನು ಹಿಡಿದು ಅದ್ದಿಸಬಾರದು. ಮಗು ಮೊದಲು ನೋಡುತ್ತದೆ, ಬಳಿಕ ತೋರುಬೆರಳಿನ ತುದಿಯಿಂದ ಮುಟ್ಟಿ ಹಿಂದೆಗೆಯುತ್ತದೆ, ಬೆರಳು ಹೊಕ್ಕ ಜಾಗದಲ್ಲಿ ಸಣ್ಣ ಗುಳಿ ಉಳಿದುದನ್ನು ಕಂಡು ಮತ್ತೆ ಒತ್ತುತ್ತದೆ, ಕೊನೆಗೆ ಇಡೀ ಅಂಗೈಯನ್ನು ಊರಿ ಒರಸಿ ತಟ್ಟೆಯ ಹೊಳಪು ಕಾಣುವಂತೆ ಗೆರೆ ಎಳೆಯುತ್ತದೆ. ಆ ಗೆರೆಯನ್ನು ಮಾಡಿದ್ದು ತಾನೇ ಎಂಬುದು ಅದಕ್ಕೆ ಹೊಳೆಯುವ ಕ್ಷಣಕ್ಕೆ ಅಡ್ಡ ಬರದಿರುವುದೇ ಇಲ್ಲಿ ನಮ್ಮ ಕೆಲಸ. ಬೇಯಿಸಿ ತಣಿಸಿದ ಗೆಣಸು, ಹಣ್ಣಾದ ಕದಳಿ ಬಾಳೆಹಣ್ಣಿನ ತಿರುಳು ಮುಂತಾದವನ್ನೂ ಹೀಗೆಯೇ ಬಳಸಬಹುದು.

ಒಂದು ವರ್ಷದ ಮೇಲೆ: ಉಕ್ಕರಿಸಿದ ಹಿಟ್ಟು

ಈ ಮಾರ್ಗದರ್ಶಿಯಲ್ಲಿ ಒಂದೇ ಒಂದು ಆಟವನ್ನು ಆರಿಸಬೇಕೆಂದರೆ ನಾನು ಆರಿಸುವುದು ಕುದಿನೀರಿನಲ್ಲಿ ಬೇಯಿಸಿದ ಅಕ್ಕಿಹಿಟ್ಟಿನ ಈ ಆಟವನ್ನೇ. ಪೇಟೆಯ ಬಣ್ಣದ ಹಿಟ್ಟಿಗೂ ಮನೆಯಲ್ಲಿ ಕಲಸಿದ ಹಸಿ ಮೈದಾ ಹಿಟ್ಟಿಗೂ ಇರುವ ತೊಂದರೆ ಇದಕ್ಕಿಲ್ಲ. ಹಸಿ ಹಿಟ್ಟಿನಲ್ಲಿ ರೋಗಾಣುಗಳಿರಬಹುದು. ಬೆಂದ ಅಕ್ಕಿಹಿಟ್ಟಿನಲ್ಲಿ ಆ ಭಯ ಕಡಿಮೆ, ಮಗು ಒಂದು ತುಣುಕು ತಿಂದರೂ ಅದು ರೊಟ್ಟಿಯ ಹಿಟ್ಟೇ.

1. ಒಂದೂಕಾಲು ಲೋಟ ನೀರಿಗೆ ಒಂದು ಚಮಚ ತೆಂಗಿನೆಣ್ಣೆ ಹಾಕಿ ಕುದಿಸಿರಿ. ಬಣ್ಣ ಬೇಕಿದ್ದರೆ ಈ ನೀರಿಗೇ ಅರಸಿನವನ್ನೋ ಬೀಟ್‌ರೂಟಿನ ಅಥವಾ ಕೆಂಪು ಹರಿವೆಯ ರಸವನ್ನೋ ಸೇರಿಸಬಹುದು. ಬಸಳೆಯ ಹಣ್ಣಿನ ರಸ ಹಾಕಿದರೆ ಚಂದದ ನೇರಳೆ ಬರುತ್ತದೆ.

2. ನೀರು ಮರಳುವಾಗ ಒಂದು ಲೋಟ ಅಕ್ಕಿಹಿಟ್ಟನ್ನು ಸುರಿದು, ಉರಿ ಸಣ್ಣ ಮಾಡಿ, ಎರಡು ಮೂರು ನಿಮಿಷ ಮುಚ್ಚಿಡಿ. ಬಳಿಕ ಸೌಟಿನ ಹಿಡಿಯಿಂದ ಗಂಟಿಲ್ಲದಂತೆ ಗೊಟಾಯಿಸಿ ಇಳಿಸಿರಿ.

3. ಉಗುರುಬೆಚ್ಚಗಾಗುವವರೆಗೆ ಕಾದು, ಕೈಗೆ ಎಣ್ಣೆ ಪಸೆ ಮಾಡಿಕೊಂಡು ಚೆನ್ನಾಗಿ ನಾದಿರಿ. ಮೇಲೆ ತಣಿದಂತೆ ಕಂಡರೂ ಮುದ್ದೆಯ ನಡುವೆ ಬಿಸಿ ಉಳಿದಿರುತ್ತದೆಯಾದ್ದರಿಂದ ಮುದ್ದೆಯನ್ನು ಮುರಿದು ನೋಡಿಯೇ ಮಗುವಿಗೆ ಕೊಡಬೇಕು.

ಮೊದಲ ದಿನ ಉಪಕರಣಗಳೇನೂ ಬೇಡ. ಹಿಸುಕುವುದು, ಚಿವುಟುವುದು, ತಟ್ಟುವುದು ಸಾಕು. ಮರುವಾರ ಒಂದು ಗೆರಟೆಯನ್ನು ಕೊಟ್ಟರೆ ಹಿಟ್ಟನ್ನು ಅದರೊಳಗೆ ಒತ್ತಿ ತೆಗೆಯುವ ಆಟ ಶುರುವಾಗುತ್ತದೆ. ಎರಡೂವರೆ, ಮೂರು ವರ್ಷದ ಮಗುವಿಗೆ ಚಕ್ಕುಲಿ ಒರಳನ್ನೋ ಸೇಮಿಗೆ ಮಣೆಯನ್ನೋ ಹಿರಿಯರು ಹಿಡಿದುಕೊಂಡು ಒತ್ತಿ ತೋರಿಸಬಹುದು. ಮೇಲೆ ಬಲ ಹಾಕುತ್ತಿದ್ದಂತೆ ಕೆಳಗಿನ ತೂತುಗಳಲ್ಲಿ ಮೊದಲು ಬಿಳಿ ಚುಕ್ಕೆಗಳು ಮೂಡಿ, ಅವು ಉಬ್ಬಿ, ಎಳೆಗಳಾಗಿ ಇಳಿದು, ತಟ್ಟೆಯಲ್ಲಿ ಸುರುಳಿ ಸುತ್ತಿಕೊಳ್ಳುವುದನ್ನು ಮಗು ಕೆಳಗೆ ಬಗ್ಗಿ ನೋಡುತ್ತದೆ. ಒತ್ತುವುದು ನಿಂತೊಡನೆ ಎಳೆಗಳೂ ನಿಲ್ಲುತ್ತವೆ, ಮತ್ತೆ ಒತ್ತಿದರೆ ಮತ್ತೆ ಇಳಿಯುತ್ತವೆ. ಬಲಕ್ಕೂ ಫಲಕ್ಕೂ ಇರುವ ಸಂಬಂಧ ಅದರ ಕಣ್ಣೆದುರೇ ನಡೆಯುತ್ತಿರುತ್ತದೆ.

ಈ ಹಿಟ್ಟನ್ನು ಅದೇ ದಿನ ದನಕ್ಕೋ ಗೊಬ್ಬರದ ಗುಂಡಿಗೋ ಹಾಕಬೇಕು, ಮರುದಿನಕ್ಕೆ ಇಡಬಾರದು. ಕೆಲವು ದಿನ ಉಳಿಯುವ ಹಿಟ್ಟೇ ಬೇಕಿದ್ದರೆ ಒಂದು ಲೋಟ ಮೈದಾ, ಅರ್ಧ ಲೋಟ ಉಪ್ಪು, ಒಂದು ಲೋಟ ನೀರು, ಒಂದು ದೊಡ್ಡ ಚಮಚ ಎಣ್ಣೆ ಮತ್ತು ಸ್ವಲ್ಪ ಲಿಂಬೆರಸ ಸೇರಿಸಿ, ಸಣ್ಣ ಉರಿಯಲ್ಲಿ ಬಾಣಲೆಯ ಅಂಚು ಬಿಡುವವರೆಗೆ ಕೈಯಾಡಿಸಬೇಕು. ಇದರಲ್ಲಿ ಉಪ್ಪು ಬಹಳವಿದ್ದು, ತಿಂದರೆ ಸಣ್ಣ ಮಕ್ಕಳಿಗೆ ಅಪಾಯವಾದ್ದರಿಂದ ಎಲ್ಲವನ್ನೂ ಬಾಯಿಗೆ ಹಾಕುವ ಅಭ್ಯಾಸ ಬಿಟ್ಟ ಮೂರು ವರ್ಷದ ಮೇಲಿನವರಿಗೆ ಮಾತ್ರ ಇದು ಸರಿ. ಮಳೆಗಾಲದ ಆಟಿ ತಿಂಗಳ ತೇವದಲ್ಲಿ ಆ ಉಪ್ಪೇ ನೀರು ಹೀರಿ ಹಿಟ್ಟನ್ನು ಅಂಟಾಗಿಸುತ್ತದೆ. ಆಗ ಒಣ ಹಿಟ್ಟು ಸೇರಿಸಿ ಮತ್ತೊಮ್ಮೆ ಬಾಡಿಸಬೇಕು.

ಅಕ್ಕಿ ಮತ್ತು ಗೆರಟೆ

ಎರಡು ವರ್ಷ ದಾಟಿದ ಮಗುವಿಗೆ, ಹಿರಿಯರೊಬ್ಬರು ಪಕ್ಕದಲ್ಲಿ ಕುಳಿತಿರುವಾಗ, ಹಾಳೆಯ ಪಾತ್ರೆಯಲ್ಲಿ ಒಂದು ಸೇರಿನಷ್ಟು ಬೆಳ್ತಿಗೆ ಅಕ್ಕಿಯನ್ನೂ ಕತ್ತದ ನಾರನ್ನು ಕೆರೆದು ಅಂಚನ್ನು ಉಜ್ಜಿ ನಯ ಮಾಡಿದ ಎರಡು ಗೆರಟೆಗಳನ್ನೂ ಕೊಡಬಹುದು. ಒಂದರಿಂದ ಇನ್ನೊಂದಕ್ಕೆ ಸುರಿಯುವ ಆಟವನ್ನು ಮಕ್ಕಳು ನಾವು ಊಹಿಸುವುದಕ್ಕಿಂತ ಹೆಚ್ಚು ಹೊತ್ತು ಆಡುತ್ತಾರೆ. ಕಣ್ಣಿರುವ ಗೆರಟೆಯೊಂದನ್ನು ಆರಿಸಿ ಅದರ ಕಣ್ಣನ್ನು ತೂತು ಮಾಡಿಕೊಟ್ಟರೆ ಅಕ್ಕಿ ಸಣ್ಣ ಧಾರೆಯಾಗಿ ಇಳಿದು ಶಿಖರ ಕಟ್ಟುತ್ತದೆ, ಬೆರಳಿನಿಂದ ತೂತು ಮುಚ್ಚಿದರೆ ನಿಲ್ಲುತ್ತದೆ. ಮೂರರ ಮೇಲೆ ಬೆಳ್ತಿಗೆಗೆ ಒಂದು ಹಿಡಿ ಕುಚ್ಚಲಕ್ಕಿಯನ್ನು ಬೆರೆಸಿ, ಬಣ್ಣ ಮತ್ತು ಗಾತ್ರ ನೋಡಿ ಆರಿಸಲು ಹೇಳಬಹುದು. ಹೆಬ್ಬೆರಳು ಮತ್ತು ತೋರುಬೆರಳಿನ ಹಿಡಿತಕ್ಕೆ ಇದು ಒಳ್ಳೆಯ ಅಭ್ಯಾಸ. ಅನ್ನದ ಅಕ್ಕಿಯನ್ನು ಆಟಕ್ಕೆ ಕೊಡುವುದು ಮನೆಯ ಹಿರಿಯರಿಗೆ ಸರಿಬಾರದಿದ್ದರೆ ಆ ಭಾವನೆಯನ್ನು ಗೌರವಿಸಬೇಕು. ನುಚ್ಚಕ್ಕಿ, ಭತ್ತ ಅಥವಾ ಹೊಳೆಯ ಹೊಯಿಗೆ (ಮರಳು) ಅದೇ ಕೆಲಸ ಮಾಡುತ್ತದೆ.

ನೀರು

ನೀರಿನ ಆಟಕ್ಕೆ ವಿಧಾನ ಹೇಳಬೇಕಾಗಿಲ್ಲ. ಚೆಂಬು, ಜರಡಿ, ಚಹಾ ಸೋಸುವ ಅರಿಪೆ, ಒಂದು ತುಂಡು ಬಟ್ಟೆ ಇದ್ದರೆ ಉಳಿದುದನ್ನು ಮಗುವೇ ಕಂಡುಕೊಳ್ಳುತ್ತದೆ. ಎಚ್ಚರಿಕೆಯನ್ನು ಮಾತ್ರ ಹೇಳಲೇಬೇಕು. ಕೇವಲ 5 ಸೆಂ.ಮೀ. ಆಳದ ನೀರಿನಲ್ಲಿ ಮೂಗು ಬಾಯಿ ಮುಳುಗಿದರೂ ಸಣ್ಣ ಮಗು ಸದ್ದಿಲ್ಲದೆ ಪ್ರಾಣ ಕಳೆದುಕೊಳ್ಳಬಹುದು. ಆದ್ದರಿಂದ ಫೋನು ಬಂತೆಂದು ಎದ್ದುಹೋಗಬಾರದು, ಆಟ ಮುಗಿದೊಡನೆ ಬಾಲ್ದಿಯನ್ನು ಕವುಚಿ ಹಾಕಬೇಕು. ಕಟ್ಟೆಯಿಲ್ಲದ ಬಾವಿ, ಮದಕ (ಸಣ್ಣ ಕೆರೆ), ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು ತುಂಬುವ ಟಾಂಕಿ ಇರುವ ಮನೆಗಳಲ್ಲಿ ಅವುಗಳಿಗೆ ಬೇಲಿ ಅಥವಾ ಮುಚ್ಚಳ ಮಾಡಿಸಿದ ಮೇಲೆಯೇ ಅಂಗಳದಲ್ಲಿ ನೀರಿನ ಆಟವನ್ನು ಆರಂಭಿಸಬೇಕು. ಮಳೆಗಾಲದಲ್ಲಿ ಕಟ್ಟಿ ನಿಂತ ಕೆಸರು ನೀರಿಗೆ ಇಲಿಜ್ವರದ ಭಯವಿರುವುದರಿಂದ, ಕಾಲಿನಲ್ಲಿ ಗಾಯವಿರುವ ಮಗುವನ್ನಂತೂ ಅದಕ್ಕೆ ಇಳಿಸಬಾರದು.

ಮಳೆಗಾಲದ ಉಡುಗೊರೆಯೆಂದರೆ ಕೆಸುವಿನ ಎಲೆ. ಗಿಡದಲ್ಲೇ ಇರುವ ಎಲೆಯ ಮೇಲೆ ಹಿರಿಯರು ಒಂದು ಚಮಚ ನೀರು ಹನಿಸಿ, ಎಲೆಯನ್ನು ಮೆಲ್ಲನೆ ಅತ್ತಿತ್ತ ವಾಲಿಸಿ ತೋರಿಸಿದರೆ ಹನಿಗಳು ಓಡಾಡಿ, ಒಂದಕ್ಕೊಂದು ತಾಗಿದೊಡನೆ ಸೇರಿ ದೊಡ್ಡದಾಗುತ್ತವೆ. ಎಲೆ ಮಾತ್ರ ಒದ್ದೆಯಾಗುವುದೇ ಇಲ್ಲ. ದಂಟು ಮುರಿದಾಗ ಬರುವ ರಸದಲ್ಲಿ ಸೂಜಿಯಂಥ ಆಕ್ಸಲೇಟ್ ಹರಳುಗಳಿದ್ದು ತುರಿಸುತ್ತದೆಯಾದ್ದರಿಂದ ಎಲೆಯನ್ನು ಕೊಯ್ದು ಕೈಗೆ ಕೊಡಬಾರದು.

ಮಣ್ಣು ಮತ್ತು ಹಾಳೆ ಬಂಡಿ

ಮಣ್ಣಾಟಕ್ಕೆ ನಾಯಿ ಬೆಕ್ಕು ಹೇಲದ, ಮದ್ದು ಬಿಡದ ಜಾಗದ ಮಣ್ಣನ್ನು ತಂದು ಜರಡಿ ಹಿಡಿದು, ಮುರಕಲ್ಲಿನ ಚೂರು, ಗಾಜು, ಮುಳ್ಳು ತೆಗೆದು, ಎರಡು ದಿನ ಬಿಸಿಲಿಗೆ ಹಾಕಬೇಕು. ಬಳಿಕ ನೀರು ಚಿಮುಕಿಸಿ ಗೆರಟೆಯಲ್ಲಿ ಅಚ್ಚು ಹಾಕಿದರೆ ಇಡ್ಲಿ, ಗೂಡು, ಗುಡ್ಡ ಎಲ್ಲವೂ ಆಗುತ್ತವೆ. ಆಡಿ ಬಂದ ಮೇಲೆ ಉಗುರಿನ ಸಂದಿಯವರೆಗೆ ಸಾಬೂನು ಹಾಕಿ ತೊಳೆಯಬೇಕು. ಒಂದು ವರ್ಷ ತುಂಬಿದ ಮಕ್ಕಳಿಗೆ ಅಂಗನವಾಡಿಯಲ್ಲಿ ಕೊಡುವ ಹುಳದ ಮಾತ್ರೆಯನ್ನು ತಪ್ಪಿಸಬಾರದು.

ಸಮತೋಲನದ ಅರಿವಿಗೆ ಸೋಗೆಸಹಿತ ಬಿದ್ದ ಹಾಳೆಯೇ ಸಾಕು. ಗಟ್ಟಿಯಾಗಿ ಕೂರಬಲ್ಲ, ಎರಡೂ ಕೈಗಳಲ್ಲಿ ಹಿಡಿದುಕೊಳ್ಳಬಲ್ಲ ಮಗುವನ್ನು ಹಾಳೆಯ ಅಗಲದ ಭಾಗದಲ್ಲಿ ಕೂರಿಸಿ, ನಯವಾದ ಅಂಗಳದಲ್ಲಿ ಸೋಗೆಯನ್ನು ಹಿಡಿದು ನಡೆಯುವ ವೇಗದಲ್ಲಿ ಎಳೆಯಬೇಕು. ತಿರುವಿನಲ್ಲಿ ಮಗುವಿನ ಮೈ ತಾನಾಗಿಯೇ ಇನ್ನೊಂದು ಬದಿಗೆ ವಾಲಿ ಸರಿಪಡಿಸಿಕೊಳ್ಳುವುದನ್ನು ಗಮನಿಸಬಹುದು. ಇಳಿಜಾರಿನಲ್ಲಿ ಎಳೆಯಬಾರದು, ಸಾಕೆಂದಾಗ ನಿಲ್ಲಿಸಬೇಕು.

ವಾಸನೆ, ಸದ್ದು, ಕಾಣದ ವಸ್ತು

ಏಲಕ್ಕಿ, ಜೀರಿಗೆ, ಕರಿಬೇವು, ಸಾಂಬ್ರಾಣಿ ಎಲೆ, ಮಲ್ಲಿಗೆ ಇವುಗಳನ್ನು ಸಣ್ಣ ಕರಡಿಗೆಗಳಲ್ಲಿಟ್ಟು ತೆಳು ಬಟ್ಟೆ ಕಟ್ಟಿದರೆ ವಾಸನೆಯ ಆಟ. ಮೆಣಸಿನ ಹುಡಿ ಬೇಡ. ಕರ್ಪೂರವಂತೂ ಬೇಡವೇ ಬೇಡ, ಸ್ವಲ್ಪ ನುಂಗಿದರೂ ಮಕ್ಕಳಿಗೆ ಅಪಸ್ಮಾರದಂಥ ಸೆಳೆತ ಬರಬಹುದು. ಎರಡು ಗೆರಟೆಗಳನ್ನು ಕುಟ್ಟುವುದು, ಮುಚ್ಚಳವನ್ನು ಟೇಪು ಸುತ್ತಿ ಭದ್ರಪಡಿಸಿದ ಬಾಟಲಿಗಳಲ್ಲಿ ಅಕ್ಕಿ, ಹೊಯಿಗೆ, ಹೆಸರು ಹಾಕಿ ಕುಲುಕುವುದು ಸದ್ದಿನ ಆಟ.

ಮೂರು ವರ್ಷದ ಮೇಲೆ ಬಟ್ಟೆಯ ಚೀಲದೊಳಗೆ ಚಮಚ, ದೊಡ್ಡ ಬೀಗದ ಕೈ, ಗೆರಟೆ, ಕತ್ತದ ನಾರಿನ ಉಂಡೆಗಳನ್ನಿಟ್ಟು, ಕೈಯಾಡಿಸಿಯೇ ಹೆಸರು ಹೇಳಲು ಕೇಳಬಹುದು. ಕಣ್ಣಿಗೆ ಬಟ್ಟೆ ಕಟ್ಟುವುದು ಅನೇಕ ಮಕ್ಕಳಿಗೆ ಹೆದರಿಕೆಯಾಗುವುದರಿಂದ ಚೀಲವೇ ಮೇಲು.

ನಾಲ್ಕರ ಮೇಲೆ: ಬಣ್ಣ ಬದಲಿಸುವ ನೀರು

ಬೇಲಿಯ ನೀಲಿ ಶಂಖಪುಷ್ಪಗಳ ಎಂಟು ಹತ್ತು ಎಸಳುಗಳನ್ನು ಬಿಸಿನೀರಿಗೆ ಹಾಕಿಟ್ಟು ತಣಿಸಿದರೆ ನೀಲಿ ನೀರು ಸಿಗುತ್ತದೆ. ಅದಕ್ಕೆ ಮಗುವೇ ಲಿಂಬೆರಸದ ಹನಿಗಳನ್ನು ಬಿಟ್ಟರೆ ನೇರಳೆಯಾಗಿ, ಗುಲಾಬಿಗೆ ತಿರುಗುತ್ತದೆ. ಅರಸಿನ ಹಚ್ಚಿದ ಬಟ್ಟೆಗೆ ಸಾಬೂನು ನೀರು ತಾಗಿದರೆ ಕೆಂಪಾಗುತ್ತದೆ. ಅರಸಿನಕ್ಕೆ ಸುಣ್ಣ ಬೆರೆಸಿಯೂ ಇದನ್ನೇ ತೋರಿಸಬಹುದಾದರೂ ಸುಣ್ಣ ಕಣ್ಣಿಗೆ ಹೋದರೆ ದೃಷ್ಟಿಗೇ ಹಾನಿಯಾದ್ದರಿಂದ ಸಾಬೂನೇ ಸಾಕು.

ಕಾರ್ನ್‌ಫ್ಲೋರ್ ಅಥವಾ ಕೂವೆ ಹುಡಿ ಎರಡು ಪಾಲು, ನೀರು ಸುಮಾರು ಒಂದು ಪಾಲು ಬೆರೆಸಿದರೆ ಇನ್ನೊಂದು ಸೋಜಿಗ. ಒತ್ತಿ ಉಂಡೆ ಕಟ್ಟಿದರೆ ಗಟ್ಟಿ, ಕೈ ಸಡಿಲಿಸಿದರೆ ಬೆರಳುಗಳ ಸಂದಿಯಿಂದ ಹರಿದುಹೋಗುತ್ತದೆ. ಮನೆಯಲ್ಲಿ ಮಾಡಿದ ಕೂವೆ ಹುಡಿಯ ಬೆಲೆ ಬಲ್ಲವರು ಕಾರ್ನ್‌ಫ್ಲೋರನ್ನೇ ಬಳಸುತ್ತಾರೆ.

ಹಿರಿಯರ ಮಾತು ಎಷ್ಟಿರಬೇಕು

“ಇದು ಯಾವ ಬಣ್ಣ? ಎಷ್ಟಿದೆ? ಹೇಳು ಮಗಾ” ಎಂದು ಪರೀಕ್ಷೆ ನಡೆಸಿದರೆ ಆಟ ಅಲ್ಲಿಗೆ ಮುಗಿಯಿತು. ಮಗು ತಲೆಯೆತ್ತಿ ನೋಡಿದಾಗ ಮಾತ್ರ, ಅದು ಅನುಭವಿಸುತ್ತಿರುವುದನ್ನೇ ಒಂದು ಮಾತಿನಲ್ಲಿ ಹೇಳಬಹುದು: “ಅಂಟಂಟಾಗಿದೆ ಅಲ್ಲವಾ”, “ತರಿತರಿ ಉಂಟು”, “ಜರ್ರನೆ ಬಿತ್ತು”. ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ, ಹೊರಗೆ ಮಲಯಾಳವನ್ನೋ ಕೇಳುತ್ತ ಬೆಳೆಯುವ ನಮ್ಮ ಮಕ್ಕಳಿಗೆ ಇಂಥ ಮಾತುಗಳು ಕೈಯಲ್ಲಿರುವ ವಸ್ತುವಿನೊಂದಿಗೇ ದೊರೆತರೆ ಬೇಗ ನಿಲ್ಲುತ್ತವೆ. ಅಜ್ಜಿ ಒಂದು ಭಾಷೆಯಲ್ಲಿ, ಅಮ್ಮ ಇನ್ನೊಂದರಲ್ಲಿ ಹೇಳಿದರೂ ಮಗುವಿಗೆ ಗೊಂದಲವಾಗುವುದಿಲ್ಲ.

ಕೆಲವು ಮಕ್ಕಳಿಗೆ ಅಂಟು, ಲೋಳೆ ಎಂದರೆ ಆಗುವುದಿಲ್ಲ. ಒತ್ತಾಯಿಸದೆ ಮೊದಲು ಚಮಚದಿಂದ ಕಲಕಲು ಬಿಟ್ಟು, ಪಕ್ಕದಲ್ಲೇ ಒರಸುವ ಬಟ್ಟೆಯಿಟ್ಟರೆ ಹೆಚ್ಚಿನವರು ಕೆಲವು ವಾರಗಳಲ್ಲಿ ತಾವಾಗಿಯೇ ಕೈ ಹಾಕುತ್ತಾರೆ. ಆದರೆ ಸ್ನಾನ, ಬಟ್ಟೆ, ಊಟ, ಸಾಧಾರಣ ಸದ್ದುಗಳಿಗೂ ಮಗು ಪ್ರತಿದಿನ ವಿಪರೀತವಾಗಿ ಕಿರಿಚುತ್ತಿದ್ದರೆ, ಅಥವಾ ಕರೆದರೆ ತಿರುಗದೆ, ಬಿದ್ದು ನೋವಾದರೂ ಅಳದೆ ಇದ್ದರೆ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಬೇಕು.

ಆಟದ ಬಳಿಕ ಹೆಕ್ಕಿಡುವುದನ್ನೂ ಮಗುವಿನ ಪಾಲಿಗೆ ಬಿಡಬಹುದು. ಚೆಲ್ಲಿದ ಅಕ್ಕಿಯನ್ನು ಸಣ್ಣ ಹಿಡಿಸೂಡಿಯಿಂದ ಒಟ್ಟುಗೂಡಿಸುವುದೂ ಅದಕ್ಕೆ ಆಟವೇ. ಅಂಟಿದ ಹಿಟ್ಟನ್ನು ಒದ್ದೆಯಿರುವಾಗ ಉಜ್ಜದೆ, ಒಣಗಲು ಬಿಟ್ಟು ಕೆರೆದರೆ ಚಾಪೆಯಿಂದ ಸುಲಭವಾಗಿ ಬಿಡುತ್ತದೆ. ಆಟದ ಅಕ್ಕಿಯನ್ನು ಬಿಸಿಲಿಗೆ ಹಾಕಿ, ನಾಲ್ಕು ಒಣಮೆಣಸಿನೊಂದಿಗೆ ಮುಚ್ಚಳ ಬಿಗಿಯಾದ ಡಬ್ಬದಲ್ಲಿಟ್ಟರೆ ಗುಗ್ಗುರು ಹುಳ ಹಿಡಿಯುವುದಿಲ್ಲ. ಮುಂದಿನ ಸಲ ಮಗುವಿಗೆ ಕೊಡುವ ಮೊದಲು ಆ ಮೆಣಸನ್ನೂ ಅದರ ಬೀಜಗಳನ್ನೂ ಆರಿಸಿ ತೆಗೆದು, ಅಕ್ಕಿಯನ್ನು ಒಮ್ಮೆ ತೊಳೆದು ಒಣಗಿಸಿಕೊಳ್ಳಬೇಕು.